ಗುಪ್ತಚರ ಇಲಾಖೆಯಲ್ಲಿ ಎರಡು ತಿಂಗಳು, ಸಂಬಳದ ಜೊತೆಗೆ

ಹೋದ ಸೆಪ್ಟೆಂಬರ್‌ನಲ್ಲಿ ಒಂದು ದಿನ ಕೊನೆಯ ಪೀರಿಯಡ್ ಮುಗಿಸಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಿದ್ದೆ. ಎರಡನೇ ವರ್ಷದ ಬಿಎ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಯಾರೋ ಮಾಡಿದ ರೀಲ್ಸ್. ಅಮೆರಿಕದ ಗುಪ್ತಚರ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಇದೆ, ಅದಕ್ಕೆ ಸಂಬಳವೂ ಇದೆ ಅಂತ.

"ಮೇಡಂ, ಇದು ನಿಜಾನಾ? ನಾವೂ ಹಾಕ್ಬೋದಾ?"

ನಿಜ ಅಂದೆ. ನಾವು ಹಾಕೋಕೆ ಬರಲ್ಲ ಅಂತಲೂ ಅಂದೆ. ಸಿಐಎ ಕಾಲೇಜು ಓದುವವರನ್ನು ಇಂಟರ್ನ್ ಆಗಿ ತಗೊಳ್ಳುತ್ತದೆ, ದುಡ್ಡು ಕೊಡುತ್ತದೆ. ಎಫ್‌ಬಿಐ ಬೇಸಿಗೆಯಲ್ಲಿ ಹತ್ತು ವಾರ ಸಂಬಳ ಕೊಟ್ಟು ಕೆಲಸ ಕಲಿಸುತ್ತದೆ. ಅವಳಿ ಗೋಪುರದ ದಾಳಿಯ ನಂತರ ಹುಟ್ಟಿದ ಅವರ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯಲ್ಲಿ ಮಾಹಿತಿ ವಿಶ್ಲೇಷಣೆಗೇ ಒಂದು ಕಚೇರಿ ಇದೆ. ಗಡಿ ಕಾಯುವವರೂ ಅದೇ ಇಲಾಖೆಗೆ ಸೇರುತ್ತಾರೆ. ಅಲ್ಲಿಗೂ ವಿದ್ಯಾರ್ಥಿಗಳು ಹೋಗುತ್ತಾರೆ. ಆದರೆ ಅಮೆರಿಕದ ಪ್ರಜೆ ಆಗಿರಬೇಕು. ಹಿನ್ನೆಲೆ ತಪಾಸಣೆಗೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಸಿಐಎ ಅಂತೂ ಸುಳ್ಳು ಪತ್ತೆ ಮಾಡುವ ಯಂತ್ರದ ಮುಂದೆ ಕೂರಿಸುತ್ತದೆ. ಅಕ್ಕಪಕ್ಕದ ಮನೆಯವರನ್ನೂ ಹೋಗಿ ವಿಚಾರಿಸುವುದುಂಟು ಅಂದೆ.

ಅವಳು ನಕ್ಕುಬಿಟ್ಟಳು. "ನಮ್ಮೂರಲ್ಲಿ ಹೆಣ್ಣು ನೋಡೋಕೆ ಬರೋರೂ ಅದೇ ಮಾಡ್ತಾರೆ ಮೇಡಂ."

ನಾನೂ ನಕ್ಕೆ. ಆಮೇಲೆ ಅವಳು ಕೇಳಿದ್ದಕ್ಕೆ ಮಾತ್ರ ನಗು ಬರಲಿಲ್ಲ. "ನಮ್ಮ ದೇಶದಲ್ಲಿ ಇಂಥದ್ದು ಯಾಕಿಲ್ಲ?"

ನಮ್ಮಲ್ಲಿ ಇರುವುದು ಪರೀಕ್ಷೆ. ದೇಶದೊಳಗಿನ ಗುಪ್ತಚರ ನೋಡುವ ಐಬಿ ಅಂದರೆ 1887ರಷ್ಟು ಹಳೆಯ ಸಂಸ್ಥೆ. ಅಲ್ಲಿನ ಅಧಿಕಾರಿ ಹುದ್ದೆಗೆ ಡಿಗ್ರಿ ಆಗಿರಬೇಕು, ವಯಸ್ಸು 18ರಿಂದ 27. ಎರಡು ಹಂತದ ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಹೊರದೇಶಗಳ ಗುಪ್ತಚರ ನೋಡುವ, 1968ರಲ್ಲಿ ಶುರುವಾದ ರಾ ಸಂಸ್ಥೆ ಹೀಗೆ ಪೇಪರ್‌ನಲ್ಲಿ ಅರ್ಜಿ ಕರೆಯುವುದೇ ಇಲ್ಲ. ಒಳಗೆ ಏನು ಕೆಲಸ, ಅದು ನಮಗೆ ಒಗ್ಗುತ್ತದಾ ಅಂತ ನೋಡೋ ಅವಕಾಶ ಯಾರಿಗೂ ಇಲ್ಲ. ನೋಡಿದ್ದೆಲ್ಲ ಸಿನಿಮಾದಲ್ಲೇ. ಹಾಗಾಗಿ ನಮ್ಮ ಮಕ್ಕಳ ತಲೆಯಲ್ಲಿ ಗುಪ್ತಚರ ಅಂದರೆ ಕಪ್ಪು ಕನ್ನಡಕ, ಕೋಟು, ಕಟ್ಟಡದಿಂದ ಕಟ್ಟಡಕ್ಕೆ ಹಾರೋದು.

ಗಡಿ ಅಂದರೆ ನಮ್ಮೂರಿಗೆ ಗೊತ್ತಿರುವುದು ಇನ್ನೊಂದು ದಾರಿ. ಬೆಳಗ್ಗೆ ಐದೂವರೆಗೆ ಚಿತ್ರದುರ್ಗದ ಒನಕೆ ಓಬವ್ವ ಸ್ಟೇಡಿಯಂ ಕಡೆ ಹೋಗಿ ನೋಡಿ. ಹುಡುಗರು ಓಡುತ್ತಿರುತ್ತಾರೆ. 5 ಕಿಲೋಮೀಟರ್, 24 ನಿಮಿಷ. ಹುಡುಗಿಯರಿಗೆ 1.6 ಕಿಲೋಮೀಟರ್, ಎಂಟೂವರೆ ನಿಮಿಷ. ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಕೆಲಸದ ಲೆಕ್ಕ ಇದು. ಪಾಕಿಸ್ತಾನ, ಬಾಂಗ್ಲಾ ಗಡಿಗೆ ಬಿಎಸ್‌ಎಫ್. ಚೀನಾ ಕಡೆ ಐಟಿಬಿಪಿ. ನೇಪಾಳ, ಭೂತಾನ್ ಕಡೆ ಎಸ್‌ಎಸ್‌ಬಿ. ಈ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯೋಕೆ ಸಿಕ್ಕಿದ್ದೇ 2024ರ ಜನವರಿಯಿಂದ. ಅಲ್ಲಿವರೆಗೆ ಹಿಂದಿ, ಇಲ್ಲಾ ಇಂಗ್ಲಿಷ್. ಎಷ್ಟೋ ಹುಡುಗರು ಓಟದಲ್ಲಿ ಗೆಲ್ಲೋ ಕಾಲು ಇಟ್ಟುಕೊಂಡೂ ಪ್ರಶ್ನೆಪತ್ರಿಕೆಯಲ್ಲೇ ಎಡವಿದ್ದಾರೆ.

ಈ ಓಟವನ್ನು ಕೀಳು ಮಾಡಿ ಹೇಳುತ್ತಿಲ್ಲ. ನನ್ನ ಸ್ವಂತ ತಮ್ಮ ಎರಡು ವರ್ಷ ಹಿಂಗೇ ಓಡಿದವನು. ಆದರೆ ಗಡಿ ಕಾಯೋಕೆ ನಮ್ಮ ಜಿಲ್ಲೆಯಿಂದ ಬರೀ ಕಾಲು ಕೇಳುತ್ತಾರೆ, ತಲೆ ಯಾರೂ ಕೇಳಿಲ್ಲ. ಇದು ನನಗೆ ತುಂಬಾ ದಿನದಿಂದ ಚುಚ್ಚುತ್ತಿದೆ. ಅದಕ್ಕೇ ನಮ್ಮ ಗುಪ್ತಚರ ಸಂಸ್ಥೆಗಳೂ ವಿದ್ಯಾರ್ಥಿಗಳಿಗೆ ಸಂಬಳ ಕೊಟ್ಟು ಎರಡು ತಿಂಗಳ ಇಂಟರ್ನ್‌ಶಿಪ್ ಕೊಡಬೇಕು ಅನ್ನುತ್ತೇನೆ.

ತಮಾಷೆ ಏನು ಗೊತ್ತಾ? ಗಡಿ ಕಾಯುವ ಕಣ್ಣು ತಯಾರಾಗುತ್ತಿರುವುದು ನಮ್ಮ ತಲೆಯ ಮೇಲೇ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಸರ್ಕಾರಿ ಸಂಸ್ಥೆಗಳಿಗೆ ಹೋಯಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ಅಣು ಸಂಶೋಧನೆಯ ಬಾರ್ಕ್, ಬೆಂಗಳೂರಿನ ಐಐಎಸ್ಸಿ. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆ ಆಯಿತು. ಪೈಲಟ್ ಇಲ್ಲದೆ ಗಂಟೆಗಟ್ಟಲೆ ಹಾರುತ್ತಾ ಕೆಳಗಿನದನ್ನು ನೋಡುವ 'ತಪಸ್' ವಿಮಾನದ ಪರೀಕ್ಷೆ ನಡೆದದ್ದು ಅಲ್ಲೇ. 2019ರ ಸೆಪ್ಟೆಂಬರ್‌ನಲ್ಲಿ ಒಂದು ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿತ್ತು. 2023ರ ಆಗಸ್ಟ್‌ನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು. ನನ್ನ ಕ್ಲಾಸಿನಲ್ಲಿ ಹಿರಿಯೂರು ಕಡೆಯ ಮಕ್ಕಳಿದ್ದಾರೆ. ಆ ವಿಮಾನದ ಫೋಟೋ ಅವರ ಮೊಬೈಲಲ್ಲಿ ಈಗಲೂ ಇದೆ.

ಕಾವಲು ಅಂದರೆ ನಮ್ಮ ಕಡೆ ದನ ಮೇಯುವ ಹುಲ್ಲುಗಾವಲು. ಕಾವಲು ಅಂದರೆ ಕಾಯುವುದೂ ಹೌದು. ಹಿಂದೆ ಫಿರಂಗಿ ಎಳೆಯುವ ಎತ್ತು ಬೆಳೆದದ್ದು ಆ ಹುಲ್ಲಿನಲ್ಲೇ, ಈಗ ಡ್ರೋನ್ ಹಾರುವುದೂ ಅಲ್ಲೇ. ಕುರಿ ಕಾಯುವವರಿಗೆ ಮಾತ್ರ ಉದ್ದಕ್ಕೂ ಗೋಡೆ ಬಂತು. ಗೋಡೆಯ ಆಚೆ ಕೆಲಸ ಕಲಿಯೋಕೆ ಅವರ ಮಕ್ಕಳಿಗೆ ಬಾಗಿಲು ತೆರೆಯಬೇಕಿತ್ತು ಅಲ್ವಾ? ಜಮೀನು ಕೊಟ್ಟವರು ಕೇಳಬಹುದಾದ ಅತಿ ಸಣ್ಣ ಬೇಡಿಕೆ ಇದು.

ಕುರಿ ಕಾಯುವವರ ಮಾತು ಬಂತಲ್ಲ, ಕಾರ್ಗಿಲ್ ನೆನಪಾಗುತ್ತದೆ. 1999ರ ಮೇ ತಿಂಗಳು. ಕಳೆದುಹೋದ ಯಾಕ್ ಹುಡುಕುತ್ತಾ ಬಟಾಲಿಕ್ ಕಡೆ ಬೆಟ್ಟ ಹತ್ತಿದ ತಾಶಿ ನಮ್‌ಗ್ಯಾಲ್ ಅನ್ನೋ ಕುರಿಗಾಹಿ ದುರ್ಬೀನು ಹಿಡಿದು ನೋಡಿದರು. ಆಚೆ ಕಡೆ ಜನ ಕಂಡರು. ಸೈನ್ಯಕ್ಕೆ ತಿಳಿಸಿದರು. ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಎಲ್ಲವನ್ನೂ ಕೂತು ನೋಡಿತು. ಒಂದೊಂದು ಸಂಸ್ಥೆಯ ಹತ್ತಿರ ಒಂದೊಂದು ಚೂರು ಇತ್ತು, ಚೂರುಗಳನ್ನು ಒಂದು ಕಡೆ ಇಟ್ಟು ನೋಡುವ ವ್ಯವಸ್ಥೆ ಸರಿ ಇರಲಿಲ್ಲ. ಆಮೇಲೆ 2001ರಲ್ಲಿ ಎಲ್ಲ ಸಂಸ್ಥೆಗಳ ಮಾಹಿತಿ ಸೇರುವ ಮ್ಯಾಕ್ ಅನ್ನುವ ಕೇಂದ್ರ ಐಬಿಯಲ್ಲಿ ಬಂತು.

ಈ ಚೂರು ಜೋಡಿಸುವ ಕೆಲಸಕ್ಕೇ ವಿಶ್ಲೇಷಣೆ ಅನ್ನುವುದು. ಅದು ಕದ್ದು ಕೇಳುವುದಲ್ಲ. ಓದುವುದು, ಹೋಲಿಸುವುದು, ನಕ್ಷೆ ನೋಡುವುದು, ಒಂದು ಪುಟದಲ್ಲಿ ಬರೆಯುವುದು. ಗೊತ್ತಿರುವುದನ್ನೂ ಊಹೆಯನ್ನೂ ಬೇರೆಬೇರೆ ಇಡುವುದು. ಇದರಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಒಂದಿದೆ. ಸಿಐಎಯಲ್ಲಿ ಶೆರ್ಮನ್ ಕೆಂಟ್ ಅಂತ ಇದ್ದರು. ಅದಕ್ಕೆ ಮೊದಲು ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಷ್ಟ್ರು. (ಇತಿಹಾಸದ ಮೇಷ್ಟ್ರು ಅಂದ ಕೂಡಲೇ ನನಗೆ ಪ್ರೀತಿ ಜಾಸ್ತಿ, ಕ್ಷಮಿಸಿ.) 1951ರಲ್ಲಿ ಅವರ ತಂಡ ಒಂದು ವರದಿ ಬರೆಯಿತು. ಯುಗೊಸ್ಲಾವಿಯದ ಮೇಲೆ ದಾಳಿ ಆಗುವ ಸಾಧ್ಯತೆಯನ್ನು ಗಂಭೀರವಾಗಿ ತಗೊಳ್ಳಬೇಕು ಅಂತ ಅದರಲ್ಲಿತ್ತು. ಹಾಗಂದರೆ ಎಷ್ಟು ಅಂತ ಹೊರಗಿನವರೊಬ್ಬರು ಕೇಳಿದರು. ಕೆಂಟ್ ಮನಸ್ಸಿನಲ್ಲಿ ಇದ್ದದ್ದು ನೂರಕ್ಕೆ 65. ವರದಿ ಬರೆಯಲು ಜೊತೆ ಕೂತಿದ್ದವರನ್ನು ವಿಚಾರಿಸಿದರೆ ಒಬ್ಬರು 80 ಅಂದರು, ಇನ್ನೊಬ್ಬರು 20 ಅಂದರು! ಒಂದೇ ವಾಕ್ಯಕ್ಕೆ ಎಲ್ಲರೂ ತಲೆಯಾಡಿಸಿದ್ದರು, ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಲೆಕ್ಕ.

ಇದನ್ನು ನಾನು ಕ್ಲಾಸಿನಲ್ಲಿ ಹೇಳಿದೆ. ಆಮೇಲೆ ಬೋರ್ಡಿನ ಮೇಲೆ ಬರೆದೆ. ಮಳೆ ಬರಬಹುದು. ಮಳೆ ಬಂದರೂ ಬರಬಹುದು. ಮಳೆ ಬರುವ ಹಾಗಿದೆ. ಮಳೆ ಬಂದೇ ಬರುತ್ತದೆ. ಒಂದೊಂದಕ್ಕೂ ನೂರಕ್ಕೆ ಎಷ್ಟು ಅಂತ ಚೀಟಿ ಬರೆದು ಕೊಡಿ ಅಂದೆ. 'ಬರುವ ಹಾಗಿದೆ'ಗೆ ಒಬ್ಬ 90 ಬರೆದ. ಒಬ್ಬಳು 40. ನಲವತ್ತು ಬರೆದವಳು ಚಳ್ಳಕೆರೆಯವಳು. ಮೋಡ ಬಂದು ಬಂದು ಹಾಗೇ ಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ಇನ್ನೇನು ಬರೆದಾಳು? ಅರ್ಧ ಗಂಟೆ ಜಗಳ ಆಯಿತು. ನನ್ನ ಹನ್ನೊಂದು ವರ್ಷದ ಪಾಠದಲ್ಲಿ ಅಷ್ಟು ಜೀವ ಇದ್ದ ಕ್ಲಾಸ್ ಬೇರೆ ಇಲ್ಲ. ಈ ಮಕ್ಕಳಿಗೆ ವಿಶ್ಲೇಷಣೆ ಬರಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ತಕರಾರು ಇದೇ.

ಇಂಟರ್ನ್‌ಶಿಪ್ ಅಂದರೆ ನಮ್ಮ ಕಡೆ ಏನಾಗಿದೆ? ನಮ್ಮ ಸಂಬಂಧಿಕರ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೆ ಇಂಟರ್ನ್‌ಶಿಪ್ ಕಡ್ಡಾಯ. ಒಂದು ಕಂಪ್ಯೂಟರ್ ಸೆಂಟರ್‌ನವರು ಅವನಿಂದಲೇ ನಾಲ್ಕು ಸಾವಿರ ಇಸಕೊಂಡು ಸರ್ಟಿಫಿಕೇಟ್ ಕೊಟ್ಟರು. ಕಲಿತದ್ದು ಸೊನ್ನೆ. ಕೆಲಸ ಮಾಡುವವನೇ ದುಡ್ಡು ಕೊಡುವ ಕೆಲಸ ಇದು. ಸರ್ಕಾರದ ಕಡೆ ನೋಡಿದರೆ ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಸಂಬಳವೇ ಇಲ್ಲ. ದೆಹಲಿಯಲ್ಲಿ ಚಿಕ್ಕಪ್ಪನ ಮನೆ ಇರುವವರಿಗೆ ಅದು ಸರಿ. ನಮ್ಮ ಹುಡುಗಿ ದಾವಣಗೆರೆಗೆ ಹೋಗಿ ರೈಲು ಹತ್ತಬೇಕು. ಅಲ್ಲಿ ಪಿಜಿ, ಊಟ, ಮೆಟ್ರೋ. ಜೊತೆಗೆ ಆ ಎರಡು ತಿಂಗಳು ಅವಳು ಊರಲ್ಲಿ ದುಡಿಯುತ್ತಿದ್ದ ಕೂಲಿಯೂ ಹೋಯಿತು. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್‌ನಲ್ಲಿ ತಿಂಗಳಿಗೆ ₹5,000 ಅಂತ ಇಟ್ಟರು. ಆದರೆ ಅದು ದೊಡ್ಡ ಕಂಪನಿಗಳಲ್ಲಿ, ಅದೂ ಶುರುವಿನ ನಿಯಮದಲ್ಲಿ ಕಾಲೇಜಿನಲ್ಲಿ ಪೂರ್ತಿ ಹೊತ್ತು ಓದುತ್ತಿರುವವರಿಗೆ ಇರಲಿಲ್ಲ. ವಿದೇಶಾಂಗ ಇಲಾಖೆ ತಿಂಗಳಿಗೆ ₹10,000 ಮತ್ತು ಹೋಗಿಬರುವ ವಿಮಾನದ ಟಿಕೆಟ್ ದುಡ್ಡು ಅಂತ ನಿಯಮ ಮಾಡಿತು. ಆ ಟಿಕೆಟ್ ಇದೆಯಲ್ಲ, ಅದು ಯಾರೋ ದೂರದ ಊರಿನಿಂದ ಬಂದವರೇ ಯೋಚನೆ ಮಾಡಿ ಸೇರಿಸಿದ್ದು ಅಂತ ನನಗೆ ಗುಮಾನಿ.

ಸುಮ್ನೆ ದೇಶಸೇವೆ ಮಾಡಿ, ದುಡ್ಡು ಯಾಕೆ ಅಂತ ಕೇಳುವವರಿಗೆ ನಮ್ಮ ಓಬವ್ವನ ಕಥೆಯನ್ನೇ ಹೇಳುತ್ತೇನೆ. ಕಿಂಡಿ ಕಾಯುವ ಕೆಲಸದವನು ಗಂಡ. ಅವನು ಊಟಕ್ಕೆ ಕೂತಿದ್ದ. ಹೈದರಾಲಿಯ ಸೈನಿಕರು ನುಗ್ಗುವಾಗ ಅಲ್ಲಿ ಇದ್ದದ್ದು ನೀರಿಗೆ ಅಂತ ಹೋದ ಹೆಂಡತಿ, ಸಂಬಳ ಇಲ್ಲದವಳು. ಅವಳ ಹೆಸರನ್ನು ಸ್ಟೇಡಿಯಂಗೆ ಇಟ್ಟಿದ್ದೇವೆ, ಸಂತೋಷ. ಅವಳ ಊರಿನ ಹೆಣ್ಣುಮಕ್ಕಳನ್ನು ಈಗಲೂ ಪುಕ್ಕಟೆ ಕಾವಲಿಗೆ ಕರೆಯಬೇಡಿ.

ದುಡ್ಡು ಕೊಡದಿದ್ದರೆ ಕೊಡುವವರು ಬೇರೆ ಇದ್ದಾರೆ ಅನ್ನೋದೂ ಗೊತ್ತಿರಲಿ. ಕಾರವಾರದ ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಗೂಢಚಾರರಿಗೆ ದುಡ್ಡಿಗೆ ಕೊಟ್ಟ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ಅಲ್ಲಿನ ಯುವಕರನ್ನು ಬಂಧಿಸಿತು. ಆ ಕಡೆಯವರು ಸ್ಟೈಪೆಂಡ್‌ಗೆ ಚೌಕಾಸಿ ಮಾಡಲ್ಲ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಹುಬ್ಬೇರಿಸಿದರು. "ಗುಟ್ಟಿನ ಕೆಲಸಕ್ಕೆ ಮಕ್ಕಳನ್ನ ಬಿಡೋಕಾಗುತ್ತೇನಮ್ಮ?" ಗುಟ್ಟನ್ನು ಕೊಡಬೇಡಿ ಸಾರ್ ಅಂದೆ. ಪತ್ರಿಕೆ, ಟೆಂಡರ್, ಲೋಕಸಭೆಯ ಉತ್ತರ, ಇಸ್ರೋದ ಭುವನ್ ನಕ್ಷೆ, ಪಕ್ಕದ ದೇಶದವರು ತಮ್ಮ ಟಿವಿಯಲ್ಲಿ ತಾವೇ ಹೇಳಿದ್ದು. ಎಲ್ಲರಿಗೂ ಸಿಗುವ ಇದನ್ನೇ ಸರಿಯಾಗಿ ಓದುವವರು ಬೇಕು. ಜೊತೆಗೆ 1923ರ ಅಧಿಕೃತ ರಹಸ್ಯ ಕಾಯ್ದೆ ಇದ್ದೇ ಇದೆ, ಇಂಟರ್ನ್ ಆದರೂ ಬಿಡಲ್ಲ.

ಅವರ ಎರಡನೇ ಮಾತಿಗೆ ಮಾತ್ರ ನನ್ನ ಹತ್ತಿರ ಅಷ್ಟು ಸುಲಭದ ಉತ್ತರ ಇರಲಿಲ್ಲ. "ಆ ಹುಡುಗಿ ವಾಪಸ್ ಬಂದು ಕ್ಲಾಸಲ್ಲಿ ಕೂತ್ರೆ, ಪಕ್ಕದವರು ಬಾಯಿ ಬಿಡ್ತಾರಾ?" ನಿಜವಾದ ಭಯ ಇದು. ಹಾಸ್ಟೆಲ್‌ನಲ್ಲಿ ಯಾರನ್ನಾದರೂ 'ಸಿಐಡಿ' ಅಂದರೆ ಅದು ಬೈಗುಳವೇ. ಅಮೆರಿಕದಲ್ಲೂ ಇಂಥದ್ದು ಆಗಿದೆ. ಅವರ ರಾಷ್ಟ್ರೀಯ ವಿದ್ಯಾರ್ಥಿ ಸಂಘಕ್ಕೆ ಸಿಐಎ ಗುಟ್ಟಾಗಿ ದುಡ್ಡು ಕೊಡುತ್ತಿತ್ತು ಅಂತ 1967ರಲ್ಲಿ ರಾಂಪಾರ್ಟ್ಸ್ ಪತ್ರಿಕೆ ಬಯಲು ಮಾಡಿತು. ದೊಡ್ಡ ರಂಪ ಆಯಿತು. ಹಾಗಾಗಿ ನನ್ನ ಷರತ್ತು ಗಟ್ಟಿ ಇದೆ. ಕಾಲೇಜು, ಊರು, ಗೆಳೆಯರ ಬಗ್ಗೆ ಇಂಟರ್ನ್‌ಗಳಿಂದ ಒಂದು ಅಕ್ಷರವನ್ನೂ ಕೇಳುವಂತಿಲ್ಲ ಅಂತ ನಿಯಮದಲ್ಲೇ ಬರೆಯಬೇಕು. ಅಷ್ಟು ಬರೆಯೋಕೆ ಸರ್ಕಾರ ಒಪ್ಪದಿದ್ದರೆ ಈ ಯೋಜನೆಯೇ ಬೇಡ. ನಾನೇ ಮೊದಲು ವಿರೋಧ ಮಾಡುತ್ತೇನೆ.

ಒಪ್ಪಿದರೆ ಎರಡು ತಿಂಗಳು, ತಿಂಗಳಿಗೆ ಕನಿಷ್ಠ ₹15,000, ಉಳಿಯಲು ಜಾಗ, ರೈಲಿನ ಟಿಕೆಟ್. ಆಯ್ಕೆಯನ್ನು ಇಂಗ್ಲಿಷ್ ಸಂದರ್ಶನದಲ್ಲೇ ಮುಗಿಸಬೇಡಿ, ಕನ್ನಡದಲ್ಲಿ ಒಂದು ಪುಟ ಬರೆಸಿ ನೋಡಿ.

ಬರೆಸಿ ನೋಡಿದರೆ ಏನು ಸಿಗುತ್ತದೆ ಅಂತ ನಾನೇ ನೋಡಿದ್ದೇನೆ. ಮಳೆಯ ಕ್ಲಾಸ್ ಆದ ಮೇಲೆ ಎಲ್ಲರಿಗೂ ಒಂದು ಪುಟದ ವರದಿ ಬರೆಯೋಕೆ ಹೇಳಿದ್ದೆ, ವಿಷಯ ಅವರದ್ದೇ. ರೀಲ್ಸ್ ತೋರಿಸಿದ್ದ ಹುಡುಗಿ ಈರುಳ್ಳಿ ರೇಟಿನ ಮೇಲೆ ಬರೆದಳು. ಊರಲ್ಲಿ ಯಾರ್‍ಯಾರು ಕಿತ್ತಿದ್ದಾರೆ, ಮಹಾರಾಷ್ಟ್ರದ ಮಾಲು ಯಾವಾಗ ಬರುತ್ತದೆ, ಯಶವಂತಪುರ ಮಾರ್ಕೆಟ್ಟಿಗೆ ಲಾರಿ ಎಷ್ಟು ಹೋಗಿವೆ ಅಂತ ಡ್ರೈವರ್‌ಗಳಿಂದ ಕೇಳಿದ್ದು. ಕೊನೆಯಲ್ಲಿ, ರೇಟು ಮುಂದಿನ ವಾರ ಇಳಿಯುತ್ತದೆ, ನೂರಕ್ಕೆ 70 ಅಂತ ಬರೆದಿದ್ದಳು. ಅದನ್ನೇ ಮನೆಯಲ್ಲೂ ಓದಿ ಹೇಳಿದ್ದಾಳೆ. ಅವರಪ್ಪ ಎರಡು ಸಲ ಕೇಳಿದರಂತೆ, "ಎಪ್ಪತ್ತು ಅಂದ್ರೆ ಪೂರ್ತಿ ಖಾತ್ರಿ ಇಲ್ಲ ಅಂತ ತಾನೇ?" ಹೌದು ಅಂದಳಂತೆ. ಅವರು ಅರ್ಧ ಮಾಲು ಲಾರಿಗೆ ಹಾಕಿದರು, ಅರ್ಧ ಶೆಡ್ಡಿನಲ್ಲೇ ಇಟ್ಟರು.

ಎಂಟು ದಿನ ಆದ ಮೇಲೆ ಕಾರಿಡಾರಿನಲ್ಲಿ ಸಿಕ್ಕಳು. ಮುಖ ತುಂಬಾ ನಗು.

"ಮೇಡಂ, ಆ ಮೂವತ್ತು ಬಂತು!"