ದುಡ್ಡು ಇಸ್ಕೊಳ್ಳೋ ಸ್ಪಾನ್ಸರ್ರು

ನಮ್ಮ ಕಡೆ ಸ್ಪಾನ್ಸರ್ ಅಂದ್ರೆ ದುಡ್ಡು ಕೊಡೋನು. ಗಣಪತಿ ಪೆಂಡಾಲಿಗೆ ಒಬ್ಬ, ಆರ್ಕೆಸ್ಟ್ರಾಗೆ ಒಬ್ಬ, ಕಬಡ್ಡಿ ಟೂರ್ನಮೆಂಟಿನ ಫಸ್ಟ್ ಪ್ರೈಜಿಗೆ ಇನ್ನೊಬ್ಬ. ಕೊಟ್ಟೋನ ಫೋಟೋ ಫ್ಲೆಕ್ಸ್ ಮೇಲೆ ಗಣಪತಿಗಿಂತ ದೊಡ್ಡದಾಗಿ ಬರುತ್ತೆ, ಕೂಲಿಂಗ್ ಗ್ಲಾಸ್ ಸಮೇತ. ಹಂಗಾಗಿ ನಮ್ಮಕ್ಕನ ಮಗ 2025ರಲ್ಲಿ ಇಂಗ್ಲೆಂಡಿಗೆ ಎಂಎಸ್ಸಿ ಮಾಡೋಕೆ ಹೊರಟು "ಯೂನಿವರ್ಸಿಟಿನೇ ನನ್ನ ಸ್ಪಾನ್ಸರ್ ಮಾವ" ಅಂದಿದ್ದೇ ತಡ, ನಮ್ಮ ಭಾವ ಓಣಿಗೆಲ್ಲ ಪೇಡೆ ಹಂಚಿಬಿಟ್ರು. ಮಗನ ಖರ್ಚೆಲ್ಲ ಬ್ರಿಟಿಷರೇ ನೋಡ್ಕೋತಾರಂತೆ, ಇನ್ನೂರು ವರ್ಷ ಹೊತ್ಕೊಂಡು ಹೋಗಿದ್ದಕ್ಕೆ ಬಡ್ಡಿ ಇದ್ದಂಗೆ ಅಂತ.

ಮಾರನೇ ವಾರ ಡೆಪಾಸಿಟ್ ಕಟ್ಟಿ ಅಂತ ಮೇಲ್ ಬಂತು.

ಆಗ ಗೊತ್ತಾಗಿದ್ದು ಏನಂದ್ರೆ ಆ ದೇಶದಲ್ಲಿ ಸ್ಪಾನ್ಸರ್ ಅಂದ್ರೆ ದುಡ್ಡು ಇಸ್ಕೊಳ್ಳೋನು, ಇಸ್ಕೊಂಡ್ಮೇಲೆ ನಿಮ್ಮ ಮೇಲೆ ಒಂದು ಕಣ್ಣಿಟ್ಟು ಸರ್ಕಾರಕ್ಕೆ ವರದಿ ಒಪ್ಪಿಸೋನು. ನಮ್ಮಲ್ಲಿ ಬಾರಿಗೆ ಲೈಸೆನ್ಸ್ ಇದ್ದಂಗೆ ಅಲ್ಲಿ ಯೂನಿವರ್ಸಿಟಿಗೆ ಸ್ಪಾನ್ಸರ್ ಲೈಸೆನ್ಸ್ ಇರುತ್ತೆ, ಕೊಡೋದು ಹೋಮ್ ಆಫೀಸ್, ಅಂದ್ರೆ ಅವರ ಗೃಹ ಇಲಾಖೆ. ಲೈಸೆನ್ಸ್ ಇದ್ದೋರು ಮಾತ್ರ ಹೊರದೇಶದ ಹುಡುಗರಿಗೆ ಕ್ಯಾಸ್ ಕೊಡಬಹುದು. ಕ್ಯಾಸ್ ಅಂದ್ರೆ ಕ್ಯಾಶ್ ಅಲ್ಲ, ನಮ್ಮಕ್ಕನೂ ಹಂಗೇ ಅಂದ್ಕೊಂಡಿದ್ಲು, ಅದು ಸೀಟು ಕೊಟ್ಟಿದೀವಿ ಅನ್ನೋದಕ್ಕೆ ಒಂದು ನಂಬರ್ರು ಅಷ್ಟೇ, ಅದಿಲ್ದೆ ವೀಸಾಗೆ ಅರ್ಜಿನೇ ಹಾಕೋ ಹಾಗಿಲ್ಲ. ಆದ್ರೂ ಕ್ಯಾಶ್ ಇಲ್ದೆ ಕ್ಯಾಸ್ ಇಲ್ಲ ಅನ್ನೋದು ಮಾತ್ರ ನಿಜ.

ಮೊದಲು 28 ದಿನದ ವ್ರತದ ಕಥೆ ಹೇಳ್ತೀನಿ. ಲಂಡನ್ನಿಂದ ಹೊರಗೆ ಓದೋ ಹುಡುಗ ತಿಂಗಳಿಗೆ 1,136 ಪೌಂಡಿನಂತೆ ಒಂಬತ್ತು ತಿಂಗಳ ಊಟ ವಸತಿ ಖರ್ಚು, ಅಂದ್ರೆ 10,224 ಪೌಂಡು, ಜೊತೆಗೆ ಫೀಸಿನ ಬಾಕಿ, ಇಷ್ಟನ್ನೂ ತನ್ನ ಅಥವಾ ಅಪ್ಪ ಅಮ್ಮನ ಅಕೌಂಟಲ್ಲಿ ತೋರಿಸಬೇಕು (ಇದು ಅವನು ಹೋದಾಗಿನ ಲೆಕ್ಕ, 2025ರ ನವೆಂಬರಿಂದ ತಿಂಗಳಿಗೆ 1,171 ಆಗಿದೆ). ತೋರಿಸಿದ್ರೆ ಸಾಲದು, ಸತತ 28 ದಿನ ಅದು ಅಲ್ಲೇ ಅಲುಗಾಡದೆ ಕೂತಿರಬೇಕು, ಒಂದೇ ಒಂದು ದಿನ ಒಂದು ರೂಪಾಯಿ ಕಮ್ಮಿಯಾದ್ರೂ ವ್ರತಭಂಗ, ಮತ್ತೆ ಒಂದನೇ ದಿನದಿಂದ ಶುರು. ಭಾವ ಅಡಿಕೆ ದುಡ್ಡು, ಎಲ್‌ಐಸಿ ಮೇಲಿನ ಸಾಲ, ಅಕ್ಕನ ಅವಲಕ್ಕಿ ಸರ, ಅವರ ತಮ್ಮ ಸೈಟಿಗೆ ಅಂತ ಇಟ್ಕೊಂಡಿದ್ದ ಗಂಟು ಎಲ್ಲ ಸೇರಿಸಿ ಅಕೌಂಟಿಗೆ ಹಾಕಿದ್ರು. ಲೆಕ್ಕದ ಮನುಷ್ಯ, ಎಷ್ಟು ಬೇಕೋ ಅಷ್ಟೇ, ಪೈಸೆ ಹೆಚ್ಚಿಲ್ಲ ಪೈಸೆ ಕಮ್ಮಿಯಿಲ್ಲ.

ಇಪ್ಪತ್ತಮೂರನೇ ದಿನ ಬ್ಯಾಂಕಿನೋರು ಎಸ್‌ಎಂಎಸ್ ಚಾರ್ಜ್ ಅಂತ 17 ರೂಪಾಯಿ 70 ಪೈಸೆ ಕಟ್ ಮಾಡಿದ್ರು. ಕಟ್ ಮಾಡಿದೀವಿ ಅಂತ ಒಂದು ಎಸ್‌ಎಂಎಸ್ಸೂ ಕಳಿಸಿದ್ರು.

ಭಾವ ನೋಡ್ಲಿಲ್ಲ, ನೋಡಿದ್ದು ಸ್ಪಾನ್ಸರ್ರು. ವೀಸಾಗೆ ಹಾಕೋಕೆ ಮುಂಚೆ ಸ್ಟೇಟ್‌ಮೆಂಟ್ ಕಳಿಸಿ ಅಂತ ಯೂನಿವರ್ಸಿಟಿನೇ ಕೇಳಿತ್ತು, ಅಲ್ಲಿಂದ ಮೇಲ್ ಬಂತು, ಡಿಯರ್ ಸ್ಟೂಡೆಂಟ್, ನಿಮ್ಮ ಬ್ಯಾಲೆನ್ಸ್ ಅಗತ್ಯಕ್ಕಿಂತ ಕೆಳಗೆ ಇಳಿದಿದೆ. ಸುಮಾರು ಎಂಟು ಸಾವಿರ ಕಿಲೋಮೀಟರ್ ಆಚೆ ಕೂತ್ಕೊಂಡು ನಮ್ಮ ಭಾವನ ಪಾಸ್‌ಬುಕ್ಕಲ್ಲಿ 17 ರೂಪಾಯಿ 70 ಪೈಸೆ ಹುಡುಕಿದಾರಲ್ಲ, ಇಂಥೋರು ನಮ್ಮೂರ ಸೊಸೈಟಿಗೆ ಆಡಿಟರ್ ಆಗಿ ಬಂದಿದ್ರೆ ಎಷ್ಟೋ ಜನ ಒಳಗಿರ್ತಿದ್ರು. ಸರಿ, ಮತ್ತೆ 28 ದಿನ. ಈ ಸಲ ಭಾವ ಮೇಲೊಂದು ಐದು ಸಾವಿರ ಹಾಕಿ ಎಟಿಎಂ ಕಾರ್ಡನ್ನ ದೇವರ ಗೂಡಲ್ಲಿಟ್ಟು ಯಾರೂ ಮುಟ್ಟಬಾರದು ಅಂತ ಆರ್ಡರ್ ಮಾಡಿದ್ರು. ಅದೇ ಟೈಮಿಗೆ ಗಣಪತಿ ಹುಡುಗರು ರಸೀದಿ ಪುಸ್ತಕ ಹಿಡ್ಕೊಂಡು ಬಂದು, ಅಣ್ಣಾ ಮಗ ಲಂಡನ್ನಿಗೆ ಹೊಂಟಾನಂತೆ, ಈ ಸಲ ಪ್ರಸಾದದ ಸ್ಪಾನ್ಸರ್ ನೀವೇ ಅಂದ್ರು.

"ದುಡ್ಡು ಐತ್ರಪ್ಪ ಅಕೌಂಟಲ್ಲಿ," ಅಂದ್ರು ಭಾವ, "ಆದ್ರೆ ಅದು ಮಡಿಯಲ್ಲೈತೆ."

ಈಗ ನಿಮಗೆ ಡೌಟ್ ಬರಬೇಕು. ವೀಸಾ ಕೊಡೋದು ಬಿಡೋದು ಹೋಮ್ ಆಫೀಸಿನ ಕೆಲಸ, ಯೂನಿವರ್ಸಿಟಿಗ್ಯಾಕೆ ನಮ್ಮ ಭಾವನ ಹದಿನೇಳು ರೂಪಾಯಿ ಮೇಲೆ ಇಷ್ಟು ಅಕ್ಕರೆ? ಅಕ್ಕರೆ ಅಲ್ಲ ಸ್ವಾಮಿ, ಪರ್ಸೆಂಟೇಜು. ವರ್ಷಕ್ಕೊಂದ್ಸಲ ಹೋಮ್ ಆಫೀಸು ಯೂನಿವರ್ಸಿಟಿಗಳಿಗೇ ಪರೀಕ್ಷೆ ಇಡುತ್ತೆ. ಅವರು ಕ್ಯಾಸ್ ಕೊಟ್ಟ ಹುಡುಗರಲ್ಲಿ ಹಳೇ ಲೆಕ್ಕದ ಪ್ರಕಾರ ವೀಸಾ ರಿಜೆಕ್ಟ್ ಆಗೋರು 10 ಪರ್ಸೆಂಟಿಗಿಂತ ಕಮ್ಮಿ ಇರಬೇಕಿತ್ತು, ಕನಿಷ್ಠ 90 ಪರ್ಸೆಂಟ್ ಹುಡುಗರು ಬಂದು ಸೇರ್ಕೋಬೇಕಿತ್ತು, 85 ಪರ್ಸೆಂಟ್ ಕೋರ್ಸ್ ಮುಗಿಸಬೇಕಿತ್ತು, ಇಲ್ಲಾಂದ್ರೆ ಲೈಸೆನ್ಸಿಗೇ ಕುತ್ತು. ರಿಜೆಕ್ಟ್ ಮಾಡೋರು ಯಾರು? ಅದೇ ಹೋಮ್ ಆಫೀಸು. ಪೇಪರ್ ಸೆಟ್ ಮಾಡೋರೂ ಅವರೇ, ವ್ಯಾಲ್ಯುಯೇಶನ್ ಮಾಡೋರೂ ಅವರೇ, ಫೇಲ್ ಮಾಡೋರೂ ಅವರೇ, ಕೊನೆಗೆ ಯಾಕ್ರೀ ನಿಮ್ಮ ಹುಡುಗರು ಇಷ್ಟು ಫೇಲಾದ್ರು ಅಂತ ಕಾಲೇಜಿನ ಕಿವಿ ಹಿಂಡೋರೂ ಅವರೇ. ಇದೂ ಸಾಲದು ಅಂತ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಪ್ರತಿಯೊಂದನ್ನೂ ಐದೈದು ಪಾಯಿಂಟ್ ಬಿಗಿ ಮಾಡ್ತೀವಿ ಅಂದ್ರು. ಅಂದ್ರೆ ರಿಜೆಕ್ಟ್ ಆಗೋರು 5 ಪರ್ಸೆಂಟಿನ ಒಳಗೆ, ಜೊತೆಗೆ ಯೂನಿವರ್ಸಿಟಿಗಳಿಗೆ ಕೆಂಪು ಹಳದಿ ಹಸಿರು ಬಣ್ಣದ ರೇಟಿಂಗು, ಸಿಗ್ನಲ್ ಲೈಟಿನ ಥರ. ಸಿಗ್ನಲ್ ಕಂಡ ಕೂಡ್ಲೇ ಕೆಲವು ಯೂನಿವರ್ಸಿಟಿಗಳು ಪಾಕಿಸ್ತಾನ ಬಾಂಗ್ಲಾದೇಶದ ಅರ್ಜಿಗಳನ್ನೇ ನಿಲ್ಲಿಸಿಬಿಟ್ವು. ಅಲ್ಲಿಯ ಯಾವುದೋ ಊರಲ್ಲಿ ಚೆನ್ನಾಗಿ ಓದೋ ಹುಡುಗಿ ಒಬ್ಬಳು ಏನೂ ಮಾಡದೇನೇ ಪರ್ಸೆಂಟೇಜ್ ಆಗಿಬಿಟ್ಲು.

ಲೈಸೆನ್ಸ್ ಹೋದ್ರೆ ಏನಾಗುತ್ತೆ ಅನ್ನೋದು ಎಲ್ಲರಿಗೂ ಒಂದ್ಸಲ ತೋರಿಸಿದಾರೆ. 2012ರ ಆಗಸ್ಟ್ ಕೊನೆಯಲ್ಲಿ ಲಂಡನ್ ಮೆಟ್ರೋಪಾಲಿಟನ್ ಯೂನಿವರ್ಸಿಟಿಯ ಲೈಸೆನ್ಸ್ ಕಿತ್ಕೊಂಡ್ರು, ಹುಡುಗರ ಹಾಜರಿ ವೀಸಾ ಸರಿಯಾಗಿ ನೋಡ್ಕೊಂಡಿಲ್ಲ ಅಂತ. ತಪ್ಪು ಯೂನಿವರ್ಸಿಟಿ ಆಫೀಸಿನೋರದ್ದು. ಎರಡು ಸಾವಿರಕ್ಕಿಂತ ಹೆಚ್ಚು ಹೊರದೇಶದ ಹುಡುಗರಿಗೆ, ಫೀಸ್ ಕಟ್ಟಿ ಅರ್ಧ ಕೋರ್ಸ್ ಮುಗಿಸಿದೋರಿಗೂ ಸೇರಿ, 60 ದಿನದಲ್ಲಿ ಬೇರೆ ಸ್ಪಾನ್ಸರ್ ಹುಡ್ಕೊಳ್ಳಿ ಇಲ್ಲಾ ಜಾಗ ಖಾಲಿ ಮಾಡಿ ಅಂದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಮುಂದಿನ ವರ್ಷ ಎತ್ತಿಗೆ ಲೈಸೆನ್ಸ್ ವಾಪಸ್ ಸಿಕ್ತು, ಎಮ್ಮೆಗಳು ಅಷ್ಟೊತ್ತಿಗೆ ಎಲ್ಲೆಲ್ಲೋ.

ಅದಕ್ಕೇ ಈಗ ಯೂನಿವರ್ಸಿಟಿಗಳು ವೀಸಾ ಆಫೀಸರಿಗಿಂತ ಮುಂಚೆ ತಾವೇ ಆಫೀಸರ್ ಆಗ್ತಾರೆ, ಕ್ಯಾಸ್ ಕೊಡೋ ಮುಂಚೆ ವಿಡಿಯೋದಲ್ಲಿ ಇಂಟರ್‌ವ್ಯೂ ತಗೋತಾರೆ. ನಮ್ಮ ಹುಡುಗಂದು ಮಧ್ಯಾಹ್ನ ಮೂರು ಗಂಟೆಗಿತ್ತು. ರೂಮಲ್ಲಿ ಬೇರೆ ಯಾರೂ ಇರಬಾರದು, ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆ ತೋರಿಸು ಅಂದ್ರಂತೆ, ಇವನು ತೋರಿಸಿದ, ಗೋಡೆ ಮೇಲೆ ಸಿದ್ಧಗಂಗಾ ಸ್ವಾಮೀಜಿ ಫೋಟೋ, ಪಕ್ಕದಲ್ಲಿ ರಸಗೊಬ್ಬರ ಅಂಗಡಿ ಕ್ಯಾಲೆಂಡರು. ಯಾಕೆ ಈ ಕೋರ್ಸು, ಯಾಕೆ ಇದೇ ಯೂನಿವರ್ಸಿಟಿ, ನಿಮ್ಮ ದೇಶದಲ್ಲೇ ಯಾಕೆ ಓದಬಾರದು ಅಂತ ಕೇಳಿದ್ರೆ ಇವನು ಏಜೆಂಟ್ ಬರೆದುಕೊಟ್ಟಿದ್ದನ್ನ ಮಗ್ಗಿ ಥರ ಒಪ್ಪಿಸ್ತಾ ಇದ್ದ, ನಿಮ್ಮ ವಿಶ್ವದರ್ಜೆಯ ಲೈಬ್ರರಿ ಅನ್ನೋವಷ್ಟರಲ್ಲಿ ಅಜ್ಜಿ ಹುರಿಗಡಲೆ ತಟ್ಟೆ ಹಿಡ್ಕೊಂಡು ಒಳಗೆ ಬಂದು ಸ್ಕ್ರೀನಿಗೆ ಬಗ್ಗಿ ನೋಡಿ "ಯಾರೋ ಇವಳು, ಊಟ ಆಯ್ತಂತಾ?" ಅಂದ್ಲು. ಆ ಕಡೆ ಹೆಂಗಸು ಬೆಚ್ಚಿಬಿದ್ದು ರೂಮಲ್ಲಿ ಯಾರು ಅಂದ್ರೆ ಇವನು ಮೈ ಗ್ರ್ಯಾಂಡ್‌ಮದರ್ ಅಂದ. ಅವರು ನಿನಗೆ ಉತ್ತರ ಹೇಳಿಕೊಡ್ತಿದಾರಾ ಅಂತ ಕೇಳಿದ್ರಂತೆ. ಪುಣ್ಯಕ್ಕೆ ಪಾಸಾದ.

(ಆ ಏಜೆಂಟನಿಗೆ ಕಮಿಷನ್ ಕೊಡೋದು ಯಾರು ಗೊತ್ತಾ? ಯೂನಿವರ್ಸಿಟಿನೇ. ಅಂದ್ರೆ ಉತ್ತರ ಬರೆದುಕೊಟ್ಟೋನಿಗೂ ಪ್ರಶ್ನೆ ಕೇಳಿದೋಳಿಗೂ ಒಂದೇ ಕಡೆಯಿಂದ ದುಡ್ಡು, ಆ ದುಡ್ಡು ಹೋಗಿರೋದು ನಮ್ಮ ಭಾವನ ಅಡಿಕೆಯಿಂದ.)

ಪಾಪ ಯೂನಿವರ್ಸಿಟಿಗಳದ್ದೂ ಒಂದು ಗೋಳಿದೆ. ಇಂಗ್ಲೆಂಡಲ್ಲಿ ಸ್ಥಳೀಯ ಹುಡುಗರ ಫೀಸಿಗೆ ಸರ್ಕಾರದ ಮಿತಿ ಇದೆ, ವರ್ಷಗಟ್ಟಲೆ 9,250 ಪೌಂಡಲ್ಲೇ ನಿಂತಿದ್ದು 2025ರಲ್ಲಿ 9,535 ಆಯ್ತು, ಅದರಲ್ಲಿ ಸಂಸಾರ ನಡೆಯಲ್ಲ, ನಡೆಸೋದು ನಮ್ಮಂಥೋರ ಮಕ್ಕಳ ಫೀಸು, ಅದಕ್ಕೆ ಮಿತಿ ಇಲ್ಲ. ಈಗ ಸರ್ಕಾರ ಅಲ್ಲೂ ಕೈ ಹಾಕಿ 2028ರಿಂದ ಹೊರದೇಶದ ವಿದ್ಯಾರ್ಥಿ ತಲೆಗೆ ವರ್ಷಕ್ಕೆ 925 ಪೌಂಡ್ ನಮಗೆ ಕಟ್ಟಿ ಅಂತ ಯೂನಿವರ್ಸಿಟಿಗಳಿಗೆ ಹೇಳಿದೆ. ಹೊರಗಿನೋರು ಕಮ್ಮಿ ಬರಲಿ ಅಂತ ಒಂದು ಕೈಯಲ್ಲಿ ಬಾಗಿಲು ತಳ್ಳೋದು, ಬಂದೋರ ತಲೆ ಎಣಿಸಿ ಇನ್ನೊಂದು ಕೈ ಚಾಚೋದು.

ಹುಡುಗ ಹೋಗಿ ಸೇರಿದ. ಸೇರದೇ ಇದ್ರೆ ಸ್ಪಾನ್ಸರ್ರು ಹತ್ತು ವರ್ಕಿಂಗ್ ಡೇ ಒಳಗೆ ಹೋಮ್ ಆಫೀಸಿಗೆ ವರದಿ ಮಾಡಬೇಕು. ಸೇರಿದ್ಮೇಲೆ ಕ್ಲಾಸಿಗೆ ಬರ್ತಾನಾ ಇಲ್ವಾ ನೋಡ್ತಿರಬೇಕು, ಬರೋದು ಬಿಟ್ಟು ಹೆಸರು ತೆಗೆದ್ರೆ ಅದೂ ವರದಿ. ಟರ್ಮಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯೋ ಹಾಗಿಲ್ಲ. ಇವನ ಪಕ್ಕ ಕೂರೋ ಅಲ್ಲಿಯ ಹುಡುಗ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲ್ವಂತೆ, ಅವನು ಎದ್ನಾ ಅಂತ ಯಾವ ಮಂತ್ರಿಗೂ ಚಿಂತೆಯಿಲ್ಲ. ಇವನಿಗೆ ನೆಗಡಿಯಾಗಿ ಎರಡು ಕ್ಲಾಸ್ ತಪ್ಪಿದ್ರೆ ನಿಮ್ಮ ಕ್ಷೇಮದ ಬಗ್ಗೆ ನಮಗೆ ಕಾಳಜಿಯಿದೆ ಅಂತ ಮೇಲ್, ಕೆಳಗಡೆ ವೀಸಾ ರದ್ದಾಗಬಹುದು ಅಂತ ಇನ್ನೊಂದು ಸಾಲು.

ಮೊನ್ನೆ ಭಾನುವಾರ ಫೋನ್ ಮಾಡಿದ್ದ. ಶುಕ್ರವಾರ ಮಳೆಯಲ್ಲಿ ಎರಡು ಬಸ್ ಬದಲಾಯಿಸಿ ಬೆಳಿಗ್ಗೆ ಒಂಬತ್ತರ ಕ್ಲಾಸಿಗೆ ಹೋದ್ನಂತೆ, ಹೋದ್ರೆ ರೂಮಲ್ಲಿ ಮೇಷ್ಟ್ರೇ ಇಲ್ಲ, ಸ್ಕ್ರೀನ್ ಮೇಲೆ ಕ್ಯೂಆರ್ ಕೋಡ್ ಮಾತ್ರ ಹೊಳೀತಾ ಇತ್ತಂತೆ, ಹೊರದೇಶದ ಹನ್ನೊಂದು ಜನಾನೂ ಸಾಲಾಗಿ ನಿಂತು ಅದಕ್ಕೆ ಫೋನ್ ಹಿಡಿದು ನಮಸ್ಕಾರ ಮಾಡ್ದಂಗೆ ಮಾಡಿ ವಾಪಸ್ ಬಸ್ ಹತ್ತಿದ್ರಂತೆ.

"ಮತ್ತೆ ಪಾಠ?" ಅಂತ ಭಾವ ಕೇಳಿದ್ರು.

"ಪಾಠ ಆಗ್ಲಿಲ್ಲಪ್ಪ," ಅಂದ, "ಆದ್ರೆ ಹಾಜರಿ ಬಿತ್ತು."