ತುಪ್ಪ ತಪ್ಪಿಸಿಕೊಂಡು ತಿರುಗುವವನ ಪಾಡು

ಬಾಡು ಬಿಟ್ಟೆ ಅಂದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಂಡ್ಯದ ಕಡೆ ಶ್ರಾವಣ, ಶನಿವಾರ, ಅಯ್ಯಪ್ಪನ ಮಾಲೆ ಅಂತ ಬಿಡೋರು ಇದ್ದೇ ಇರ್ತಾರೆ. ಆಮೇಲೆ ಬಡ್ಡಿ ಸಮೇತ ತಿನ್ನೋರೂ ಅವರೇ. ಆದರೆ ಹಾಲು, ಮೊಸರು, ತುಪ್ಪವೂ ಬೇಡ ಅಂದ ದಿನ ದೊಡ್ಡಮ್ಮ ನನ್ನ ಹಣೆ ಮುಟ್ಟಿ ನೋಡಿದರು. "ಬಾಡೇನೋ ಸರಿ ಕಣ್ಲಾ, ಪಾಪ ಮಜ್ಜಿಗೆ ನಿಂಗೇನ್ ಮಾಡ್ತು?" ಕರುವಿನ ಪಾಲಿನದ್ದು ನಮಗ್ಯಾಕೆ ಅಂತ ವಿವರಿಸೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಕೊಟ್ಟಿಗೆಯಿಂದ ಹಸು "ಅಂಬಾ" ಅಂತು. ದೊಡ್ಡಮ್ಮ ಅದನ್ನು ತಮ್ಮ ಪರವಾದ ಸಾಕ್ಷಿ ಅಂತಲೇ ಹಿಡಿದರು.

ಬೆಂಗಳೂರಿಗೆ ಬಂದು ಶಾಸ್ತ್ರೋಕ್ತವಾಗಿ ವೀಗನ್, ಅಂದರೆ ಪ್ರಾಣಿಯಿಂದ ಬಂದದ್ದೇನೂ ಮುಟ್ಟದವನು, ಆಗೋಣ ಅಂತ ದೊಡ್ಡ ಅಂಗಡಿಗೆ ಹೋದೆ. ಹಾಲಿನ ಬದಲು ಕುಡಿಯೋ ಬಾದಾಮಿ ಹಾಲಿನ ಪ್ಯಾಕೆಟ್ಟು ಲೀಟರಿಗೆ ಮುನ್ನೂರರ ಹತ್ತಿರ. ನನ್ನ ಸಂಬಳಕ್ಕೆ ಅದನ್ನು ಕುಡಿಯೋದಲ್ಲ, ತೀರ್ಥದ ಥರ ಅಂಗೈಗೆ ಹಾಕಿಸಿಕೊಳ್ಳಬೇಕು. ಅದರ ಮೇಲೆ 'ಹಾಲು' ಅಂತ ಬರೆಯೋದಕ್ಕೂ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪೋದಿಲ್ಲ, 'ಪಾನೀಯ' ಅನ್ನಬೇಕು. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿದೆ. ನೂರಕ್ಕೆ ನಾಲ್ಕೈದು ಪಾಲು ಬಾದಾಮಿ, ಮಿಕ್ಕಿದ್ದು ಹೆಚ್ಚುಕಮ್ಮಿ ನೀರು. ನಮ್ಮೂರಲ್ಲಿ ಹಾಲಿನವನು ಇಷ್ಟು ನೀರು ಬೆರೆಸಿದ್ದರೆ ಅರಳಿಕಟ್ಟೆ ಮೇಲೆ ಪಂಚಾಯಿತಿ ಸೇರ್ತಿತ್ತು. ಆದರೂ ತಂದೆ. ಬಿಸಿ ಡಿಕಾಕ್ಷನ್‌ಗೆ ಸುರಿದ ಕೂಡಲೇ ಒಡೆದು ಚೂರುಚೂರಾಗಿ ತೇಲಿತು. ಡಿಕಾಕ್ಷನ್‌ನ ಹುಳಿಗೂ ಬಿಸಿಗೂ ಇಂಥ ಪಾನೀಯ ಒಡೆಯುತ್ತಂತೆ. ಅವತ್ತಿಂದ ಬೆಲ್ಲದ ಕಾಫಿ. ಆಲೆಮನೆ ನಾಡಿನವನಿಗೆ ಬೆಲ್ಲಕ್ಕೇನು ಬರ?

ಮೊಸರನ್ನು ಮಾತ್ರ ಮರೆಯೋದಕ್ಕಾಗಲಿಲ್ಲ. ಕಡಲೆಕಾಯಿ ಬೀಜ ಅಗ್ಗ, ಅದರ ಹಾಲೂ ಮೊಸರಾಗುತ್ತೆ ಅಂತ ಯಾರೋ ಹೇಳಿದರು. ನೂರು ಗ್ರಾಂ ಬೀಜ ರಾತ್ರಿ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ಮಿಕ್ಸಿಯಲ್ಲಿ ರುಬ್ಬಿ, ಹಳೇ ಪಂಚೆಯಲ್ಲಿ ಹಿಂಡಿ, ಕುದಿಸಿದೆ. ಹೆಪ್ಪಿಗೆ ಮೊಸರು ಹಾಕೋ ಹಾಗಿಲ್ಲವಲ್ಲ, ಅದಕ್ಕೆ ಹಸಿಮೆಣಸಿನಕಾಯಿ ತೊಟ್ಟು. ಉಗುರು ಬೆಚ್ಚಗಿರುವಾಗ ತೊಟ್ಟುಗಳನ್ನು ಮುಳುಗಿಸಿ, ಪಾತ್ರೆಗೆ ಟವೆಲ್ ಸುತ್ತಿ ಮೂಲೆಯಲ್ಲಿಟ್ಟು ಮಲಗಿದೆ. ನಡುರಾತ್ರಿ ನೀರು ಕುಡಿಯಲು ಎದ್ದ ರೂಮ್‌ಮೇಟು ಟವೆಲ್ ಬಿಚ್ಚಿ, ಬಿಳೀ ದ್ರವದಲ್ಲಿ ಮೆಣಸಿನಕಾಯಿ ತೊಟ್ಟು ತೇಲ್ತಿರೋದು ನೋಡಿ ಲೈಟು ಹಾಕಿ ಎಬ್ಬಿಸಿದ. "ಮಾಟ ಮಾಡ್ಸೋದಾದ್ರೆ ಬಾಡಿಗೆ ಓನರ್‌ಗೆ ಮಾಡ್ಸೋ, ನಂಗ್ಯಾಕೆ?" ಬೆಳಗ್ಗೆ ನೋಡಿದರೆ ಮೊಸರು ಹೆಪ್ಪಾಗಿತ್ತು, ಬಣ್ಣ ಮಾತ್ರ ಮಬ್ಬು. ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಮಜ್ಜಿಗೆಹುಳಿ ಮಾಡಿದೆ. ಅವನೇ ಮೊದಲು ಖಾಲಿ ಮಾಡಿದ.

ಹೋಟೆಲುಗಳದ್ದು ಇನ್ನೊಂದು ಕಥೆ. ಹೋಟೆಲ್ ಎಷ್ಟು ಬಡವೋ ಅಷ್ಟು ವೀಗನ್. ಗಾಡಿ ಮೇಲಿನ ಚಿತ್ರಾನ್ನ, ಪುಳಿಯೋಗರೆ, ಇಡ್ಲಿಗೆ ಕಾಯಿಚಟ್ನಿ, ಬಿಸಿ ಬೋಂಡಾ: ಒಂದಕ್ಕೂ ತುಪ್ಪದ ಗಾಳಿ ಸೋಕಿರೋದಿಲ್ಲ, ಯಾಕಂದರೆ ತುಪ್ಪ ಹಾಕಿದರೆ ಗಾಡಿಯವನಿಗೆ ಗಿಟ್ಟೋದಿಲ್ಲ. ದರ್ಶಿನಿಗೆ ಹೋದರೆ ದೋಸೆ ಮೇಲೆ ಬೆಣ್ಣೆ, ಪೊಂಗಲ್‌ಗೆ ತುಪ್ಪ, ರವೆ ಇಡ್ಲಿ ಹಿಟ್ಟಿಗೇ ಮೊಸರು. "ತುಪ್ಪ ಬೇಡ" ಅಂದೆ ಒಮ್ಮೆ. ಕೌಂಟರಿನಲ್ಲಿದ್ದವರು ಮರುಕದಿಂದ, "ದುಡ್ಡು ಜಾಸ್ತಿ ಆಗಲ್ಲ ಸರ್" ಅಂತ ಇನ್ನೊಂದು ಚಮಚ ಹಾಕಿಸಿದರು. ಇನ್ನೂ ಮೇಲಿನ ಹೋಟೆಲಿನಲ್ಲಿ ರೊಟ್ಟಿ ಹಿಟ್ಟಿಗೂ ಮೊಸರು, ಗ್ರೇವಿಗೂ ಕ್ರೀಮು. ಬಿಲ್ಲು ನೋಡಿದರೆ ಕಣ್ಣೀರು. ಅದೊಂದು ಮಾತ್ರ ನೂರಕ್ಕೆ ನೂರು ವೀಗನ್.

ಕೊನೆಗೆ ನಾನು ಉಳಿದದ್ದು ಊರಿನ ಊಟದಿಂದಲೇ. ಮುದ್ದೆ, ಬಸ್ಸಾರು, ಉಪ್ಸಾರು-ಖಾರ, ಮಸ್ಸೊಪ್ಪು, ಹುರುಳಿಕಾಳು ಸಾರು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ಬಾದಾಮಿ ಪ್ಯಾಕೆಟ್ಟಿನ ದುಡ್ಡಿಗೆ ಹಲವು ದಿನದ ರಾಗಿಹಿಟ್ಟು ಬರುತ್ತೆ. ಹಾಲಿಲ್ಲದೆ ಮೂಳೆ ಗತಿ ಏನು ಅಂತ ಕೇಳೋರಿಗೆ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನಲ್ಲಿ ಸುಮಾರು 120. ವಿಟಮಿನ್ ಬಿ12 ಮಾತ್ರ ಸೊಪ್ಪು ಕಾಳಿನಲ್ಲಿ ಸಿಗೋದಿಲ್ಲ, ಅದಕ್ಕೆ ಮಾತ್ರೆ. ಈ ಮಾತ್ರೆ ನೋಡಿ ನಮ್ಮ ಚಿಕ್ಕಪ್ಪ ಊರೆಲ್ಲ "ಹುಡುಗನಿಗೆ ಏನೋ ಕಾಯಿಲೆಯಂತೆ" ಅಂತ ಸುದ್ದಿ ಮಾಡಿದ್ದು ಬೇರೆ ವಿಷಯ.

ಕಷ್ಟ ಇರೋದು ಪ್ರೀತಿಯವರ ಮನೆಯಲ್ಲಿ. ನಮ್ಮಲ್ಲಿ ಯಾರಿಗೂ "ನೀನಂದ್ರೆ ನಂಗಿಷ್ಟ" ಅನ್ನೋ ಅಭ್ಯಾಸ ಇಲ್ಲ, ತುಪ್ಪ ಬಡಿಸ್ತಾರೆ. ಕಳೆದ ಹಬ್ಬಕ್ಕೆ ಹೋದಾಗ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದೆ. ದೊಡ್ಡಮ್ಮ ಬೆರಳ ಸಂದಿಯಿಂದಲೇ ಒಬ್ಬಟ್ಟಿನ ಮೇಲೆ ಬಿಟ್ಟರು. "ನಮ್ಮನೇ ಹಸೀದು ಕಣ್ಲಾ, ಅದುಕ್ಕೆ ಯಾವ ದೋಸ?"

ಒಬ್ಬಟ್ಟು ಪಕ್ಕದ ಎಲೆಗೆ ದಾಟಿಸಿದೆ. ಆಮೇಲೆ ನೆಂಟರಿಷ್ಟರ ಮುಂದೆ ಮಾನ ಉಳಿಸಿಕೊಳ್ಳಲು ದೊಡ್ಡಮ್ಮನೇ ಒಂದು ದಾರಿ ಕಂಡುಕೊಂಡರು. "ಮಾದಪ್ಪನಿಗೆ ಹರಕೆ ಹೊತ್ತವ್ನೆ, ಹಾಲು-ತುಪ್ಪ ಮುಟ್ಟಕ್ಕಿಲ್ಲ" ಅಂದುಬಿಟ್ಟರು. ಮಂತ್ರ ಹಾಕಿದ ಹಾಗೆ ಒತ್ತಾಯ ನಿಂತಿತು. ಎಲೆಗೆ ತಾನಾಗಿಯೇ ಕಾಯಿಹಾಲು ಬಂತು. ಆದರೆ ಮದುವೆಯಾಗದ ಗಂಡು ಹರಕೆ ಹೊರೋದು ಯಾತಕ್ಕೆ ಅಂತ ಊರಿಗೆ ಗೊತ್ತಿಲ್ಲವೇ? ವಾರದೊಳಗೆ ಸಂಬಂಧ ಹುಡುಕಿಯೇಬಿಟ್ಟರು. ಒಳ್ಳೇ ಮನೆತನ, ಹುಡುಗಿ ಓದಿದ್ದಾಳೆ, ಬರೋ ಭಾನುವಾರ ನೋಡೋ ಶಾಸ್ತ್ರ. ಹುಡುಗಿಯ ತಂದೆ ಅವರೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷರು.