ಕಂಸದೊಳಗಿನ ಆಹೇರು

ನಮ್ಮ ಧಾರವಾಡದ ಕಡೆಯ ಮದುವೆಗಳಲ್ಲಿ ಆಹೇರಿನ ಪಟ್ಟಿ ಬರೆಯಲು ಅಕ್ಷರ ಚೆನ್ನಾಗಿರುವ ಒಬ್ಬನನ್ನು ಮೂಲೆಯಲ್ಲಿ ಕೂರಿಸುತ್ತಾರೆ. ಯಾರು ಎಷ್ಟು ರೊಕ್ಕ ಕೊಟ್ಟರು, ಯಾರು ಎಂಥ ಸೀರೆ ತಂದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ನಾಳೆ ಅವರ ಮನೆಯ ಮದುವೆಯಲ್ಲಿ ಅಷ್ಟನ್ನೇ ತಿರುಗಿಸಬೇಕಲ್ಲ. ಪಿಎಚ್.ಡಿ. ಪ್ರಬಂಧದ ನಡುನಡುವೆ ಕಂಸದೊಳಗೆ ಪರರ ಹೆಸರು ಬರೆಯುವ ವಿದ್ಯೆಯೂ ಈಚೆಗೆ ಇದೇ ಮೂಲೆಗೆ ಬಂದು ಕುಳಿತಿದೆ.

ನಿಯಮವೇನೋ ಸರಳ. ಪರರ ಮಾತನ್ನು ಇದ್ದಂತೆಯೇ ಎತ್ತಿಕೊಂಡರೆ ಉದ್ಧರಣ ಚಿಹ್ನೆಯ ಜೊತೆಗೆ ಲೇಖಕ, ವರ್ಷ, ಪುಟ ಹೇಳಬೇಕು. ತನ್ನ ಮಾತಿನಲ್ಲಿ ಹೇಳಿದರೂ ವಿಚಾರ ಪರರದೇ ಆದ್ದರಿಂದ ಹೆಸರು ಹೇಳಲೇಬೇಕು. ಎಪಿಎ ಎಂಬ (ಅಮೆರಿಕದ ಮನಶ್ಶಾಸ್ತ್ರ ಸಂಘದ) ಉಲ್ಲೇಖ ಪದ್ಧತಿಯಲ್ಲಿ ಲೇಖಕರು ಮೂವರೋ ಹೆಚ್ಚೋ ಇದ್ದರೆ ಮೊದಲಿನವರನ್ನು ಹೆಸರಿಸಿ, ಉಳಿದವರನ್ನು ಲಗ್ನಪತ್ರಿಕೆಯ ಬಂಧುಬಾಂಧವರಂತೆ ‘ಮತ್ತು ಇತರರು’ ಎಂದು ಮುಗಿಸಬಹುದು. ತೊಡಕಿರುವುದು ಅಡ್ಡಹೆಸರಿನಲ್ಲಿ. ‘ಪಾಟೀಲ, 2009’ ಎಂದಷ್ಟೇ ಬರೆದರೆ ಯಾವ ಪಾಟೀಲರು? ಜುಬಿಲಿ ಸರ್ಕಲ್‌ನಲ್ಲಿ ನಿಂತು ಆ ಹೆಸರು ಕೂಗಿದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಅರ್ಧ ಮಂದಿ ಹೊರಳಿ ನೋಡುತ್ತಾರೆ. ಅಂಥಲ್ಲಿ ಹೆಸರಿನ ಮೊದಲಕ್ಷರಗಳನ್ನೂ ಸೇರಿಸಬೇಕೆಂದು ಅದೇ ಪದ್ಧತಿ ಹೇಳುತ್ತದೆ. ಆದರೆ ಮೊದಲಕ್ಷರ ತಿಳಿಯಲು ಪುಸ್ತಕದ ರಕ್ಷಾಪುಟವನ್ನಾದರೂ ಕಂಡಿರಬೇಕು. ಕಾಣದೆ ಹಿಂದಿನವರ ಪ್ರಬಂಧದಿಂದ ಕಂಸಸಮೇತ ಎತ್ತಿಕೊಂಡದ್ದಕ್ಕೆ ಪುಟಸಂಖ್ಯೆಯೇ ಸಾಕ್ಷಿ: ಪುಸ್ತಕವೇ 120 ಪುಟದ್ದಾಗಿದ್ದರೂ ಅದರ 217ನೆಯ ಪುಟವನ್ನು ಗುರು, ಶಿಷ್ಯ, ಪ್ರಶಿಷ್ಯ ಮೂವರೂ ಭಕ್ತಿಯಿಂದ ಉಲ್ಲೇಖಿಸಿರುತ್ತಾರೆ.

2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಪರರ ಬರಹದೊಡನೆ ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆ ಲೆಕ್ಕಕ್ಕಿಲ್ಲ. ಅಂದಿನಿಂದ ಕಳವು ಇಳಿಯಿತೋ ಬಿಟ್ಟಿತೋ, ಎಣಿಕೆಯಂತೂ ಸುಧಾರಿಸಿತು. ಹದಿನೈದನೆಯ ಪದಕ್ಕೆ ಸಮಾನಾರ್ಥಕ ಹುಡುಕುವುದೇ ಸಂಶೋಧನೆಯಾಗಿ, ಅರ್ಧ ಬಾಗಿಲು ತೆರೆದ ಝೆರಾಕ್ಸ್ ಅಂಗಡಿಯಲ್ಲಿ “ಸರ, ಎಷ್ಟಕ್ಕ ಇಳಸ್ಲಿ?” ಎಂಬ ಪ್ರಶ್ನೆ ಸಂತೆಯ ಚೌಕಾಸಿಯಷ್ಟೇ ಸಹಜವಾಯಿತು. ಹೀಗೆ ಇಳಿಸುವ ಭರದಲ್ಲಿ ಹನ್ನೆರಡನೆಯ ಶತಮಾನದ ‘ಕಲ್ಯಾಣದ ಕ್ರಾಂತಿ’ಯು ‘ಮದುವೆಯ ದಂಗೆ’ಯಾದರೂ ಹೋಲಿಕೆ ಎಣಿಸುವ ಯಂತ್ರ ತಕರಾರು ತೆಗೆಯುವುದಿಲ್ಲ, ಅದಕ್ಕೆ ಬೇಕಾದದ್ದು ಶೇಕಡಾವಾರು, ಬಸವಣ್ಣನಲ್ಲ.

ಈ ಎಣಿಕೆಯಲ್ಲಿ ಮಾರ್ಗದರ್ಶಕರ ಹೆಸರು ಮಾತ್ರ ಎಂದೂ ತಪ್ಪುವುದಿಲ್ಲ. ಸೋಬಾನೆ ಪದಗಳ ಬಗ್ಗೆ ಅವರು ಒಂದು ಸಾಲನ್ನೂ ಬರೆದಿರದಿದ್ದರೇನು, ಸೋಬಾನೆಯ ಅಧ್ಯಾಯದಲ್ಲಿ ಅವರಿಗೆ ಆರು ಕಂಸ. ಮೌಖಿಕ ಪರೀಕ್ಷೆಗೆ ಬರಬಹುದಾದ ಹಿರಿಯರಿಗೆ ನಾಲ್ಕು. ಆ ಹಿರಿಯರ ಶಿಷ್ಯರು ಬರುವ ವರ್ಷ ಆಹೇರನ್ನು ತಪ್ಪದೆ ತಿರುಗಿಸುತ್ತಾರೆ.

ಆ ಪದಗಳನ್ನು ಹಾಡಿದ ಹಾವೇರಿ ಕಡೆಯ ಮುದುಕಿಗೆ ಸಿಕ್ಕದ್ದು ‘ಕ್ಷೇತ್ರಕಾರ್ಯ’ ಎಂಬ ಒಂದೇ ಕಂಸ. ಹಾಡು ಎತ್ತುವ ಮೊದಲು ಆಕೆ, “ಇದು ನಂದಲ್ಲಪಾ ತಮ್ಮಾ, ಹಾನಗಲ್ಲಾಗ ನಮ್ಮತ್ತಿ ಕಲಿಸಿದ್ದು, ದೊಡ್ಡ ಬರ ಬಿದ್ದ ವರ್ಷ” ಎಂದು ಕರ್ತೃ, ಸ್ಥಳ, ಕಾಲ ಮೂರನ್ನೂ ಹೇಳಿದ್ದಳು. ಸಂಶೋಧಕ ಆಗಿನ್ನೂ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿರಲಿಲ್ಲ.